ಮೂರನೇ ನೀರಿನವರೆಗೆ

ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯಿಂದ ಒಳಕ್ಕೆ ಹತ್ತು ನಿಮಿಷ ನಡೆದರೆ ಮೂರು ಅಂತಸ್ತಿನ ಒಂದು ಖಾಸಗಿ ಶಾಲೆ ಸಿಗುತ್ತದೆ. ಕಾರ್ಖಾನೆಗಳಲ್ಲಿ ಪಾಳಿ ಮಾಡುವವರ, ಕ್ಯಾಬ್ ಓಡಿಸುವವರ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವವರ ಮಕ್ಕಳು ಇಲ್ಲಿ ಓದುತ್ತಾರೆ. ಬಸಮ್ಮ ಈ ಶಾಲೆಯ ಆಯಾ. ವಯಸ್ಸು ಐವತ್ತೆಂಟು. ಹಿರಿಯೂರು ಕಡೆಯವರು. ಗಂಡ ಕಾಡಪ್ಪ ಬೊಮ್ಮಸಂದ್ರದಲ್ಲಿ ಲೇತ್ ಕೆಲಸಕ್ಕೆ ಸೇರಿದಾಗ ಅವರೊಂದಿಗೆ ಬಂದವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಕಾಡಪ್ಪ ತೀರಿಕೊಂಡು ಆರು ವರ್ಷವಾಯಿತು. ಈಗ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಬಸಮ್ಮ, ಗಾರ್ಮೆಂಟ್ಸ್‌ಗೆ ಹೋಗುವ ಮಗಳು ಮತ್ತು ಮೊಮ್ಮಗಳು ಸಮೀಕ್ಷಾ ಇರುತ್ತಾರೆ. ಸಮೀಕ್ಷಾ ಅದೇ ಶಾಲೆಯಲ್ಲಿ ಓದುತ್ತಾಳೆ. ಆಯಾ ಕೆಲಸದವರ ಮನೆಯ ಮಗುವಿಗೆ ಅರ್ಧ ಫೀಸು.

ಆಯಾ ಕೆಲಸವೆಂದರೆ ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ಎಲ್‌ಕೆಜಿ ಮಕ್ಕಳ ಚಡ್ಡಿ ಬದಲಿಸುವುದು, ಜಡೆ ಬಿಚ್ಚಿದರೆ ಕಟ್ಟುವುದು, ಬಿದ್ದವರ ಮಂಡಿ ತೊಳೆಯುವುದು, ವಾಂತಿ ಬಳಿಯುವುದು. ಬಸಮ್ಮ ಇದಕ್ಕೆ ತಾವಾಗಿ ಇನ್ನೊಂದು ಕೆಲಸ ಸೇರಿಸಿಕೊಂಡಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬಾಗಿಲಲ್ಲಿ ನಿಂತು, ಮುಖ ಬಾಡಿದ ಮಕ್ಕಳ ಹಣೆ ಮುಟ್ಟಿ ನೋಡುವುದು. ಹಣೆ ಸುಡುತ್ತಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಮಕ್ಕಳು ಅವರಿಗೆ ಚೆಕ್‌ಪೋಸ್ಟ್ ಅಜ್ಜಿ ಎಂದು ಹೆಸರಿಟ್ಟಿದ್ದರು.

"ಜ್ವರ ನೋಡೋ ಮಿಷನ್ ಸುಳ್ಳು ಹೇಳ್ಬೋದು ಮೇಡಂ, ನನ್ ಅಂಗೈ ಹೇಳಲ್ಲ" ಎಂದು ಮುಖ್ಯ ಶಿಕ್ಷಕಿ ಪ್ರಭಾ ಅವರ ಹತ್ತಿರ ಜಂಬದಿಂದ ಹೇಳಿಕೊಳ್ಳುತ್ತಿದ್ದರು.

2023ರ ಜೂನ್‌ನಲ್ಲಿ ನಾಲ್ಕನೇ ತರಗತಿಗೆ ಸ್ಫೂರ್ತಿ ಮರಳಿ ಬಂದಳು. ಎರಡನೇ ತರಗತಿಯ ಪರೀಕ್ಷೆ ಹೊತ್ತಿಗೆ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಮೂರನೇ ತರಗತಿ ಪೂರ್ತಿ ಆಸ್ಪತ್ರೆಯಲ್ಲಿ ಕಳೆಯಿತು. ರೋಗ ಹತೋಟಿಗೆ ಬಂದಿದೆ, ಇನ್ನೂ ಒಂದೂವರೆ ವರ್ಷ ಮಾತ್ರೆ ನುಂಗಬೇಕು, 2024ರ ದೀಪಾವಳಿ ಹೊತ್ತಿಗೆ ಮಾತ್ರೆ ನಿಲ್ಲಿಸಬಹುದು, ಅಲ್ಲಿಯವರೆಗೆ ಸೋಂಕು ತಗುಲದ ಹಾಗೆ ನೋಡಿಕೊಂಡರೆ ಮಗು ಶಾಲೆಗೆ ಹೋಗಬಹುದು ಎಂದು ವೈದ್ಯರು ಹೇಳಿದ್ದರು. ಹೋಗಲೇಬೇಕೆಂದು ಹಟ ಹಿಡಿದವಳು ಸ್ಫೂರ್ತಿಯೇ. ತಂದೆ ಶ್ರೀಕಾಂತ್ ಕ್ಯಾಬ್ ಓಡಿಸುತ್ತಾರೆ. ತಾಯಿ ಶಾಂಭವಿ ಮಗಳ ಕಾಯಿಲೆಗಾಗಿ ಕೆಲಸ ಬಿಟ್ಟು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಅವರ ಮನೆ ಬಸಮ್ಮನ ಮನೆಯಿಂದ ಎರಡು ಬೀದಿ ಆಚೆ.

ಮೊದಲ ದಿನ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕೂದಲು ಆಗಷ್ಟೇ ಮತ್ತೆ ಹುಟ್ಟುತ್ತಿತ್ತು, ಮುಖಕ್ಕೆ ಮಾಸ್ಕ್ ಇತ್ತು. ಒಬ್ಬ ತಾಯಿ ಗೇಟಿನ ಹತ್ತಿರ ಪ್ರಭಾ ಅವರನ್ನು ತಡೆದು, "ಅಂಟತ್ತಾ ಮೇಡಂ?" ಎಂದು ಕೇಳಿದರು. ಅಂಟುವುದಿಲ್ಲ, ಅವಳಿಗೆ ನಮ್ಮಿಂದ ಅಂಟದ ಹಾಗೆ ನಾವು ನೋಡಿಕೊಳ್ಳಬೇಕು ಎಂದು ಪ್ರಭಾ ತಿಳಿಸಿ ಹೇಳಿದರು. ಎರಡನೇ ದಿನವೂ ಬೆಂಚು ಖಾಲಿ.

ಮೂರನೇ ದಿನ ಬಸಮ್ಮ ತರಗತಿಗೆ ಬಂದು, ಹಿಂದಿನ ಸಾಲಿನಲ್ಲಿದ್ದ ಸಮೀಕ್ಷಾಳನ್ನು ಎಬ್ಬಿಸಿ, ಬ್ಯಾಗ್ ಸಮೇತ ಸ್ಫೂರ್ತಿಯ ಪಕ್ಕ ಕೂರಿಸಿದರು.

"ನಮ್ ಹುಡುಗಿ ಕೂತ್ಕೊಂತಾಳೆ ಬಿಡಿ ಮಿಸ್. ಯಾರೂ ತ್ಯಾಗ ಮಾಡ್ಬೇಕಾಗಿಲ್ಲ."

ಸಮೀಕ್ಷಾ ಬ್ಯಾಗ್ ಕೆಳಗಿಟ್ಟು ಕೇಳಿದಳು: "ಮಾಸ್ಕ್ ಯಾಕೆ? ಕೊರೊನಾ ಹೋಯ್ತಲ್ಲ."

"ನಿನ್ ಬಾಯಿ ವಾಸ್ನೆ ಬರ್ಬಾರ್ದು ಅಂತ."

ಸಮೀಕ್ಷಾ ನಕ್ಕಳು. ಅಲ್ಲಿಂದ ಇಬ್ಬರದೂ ಒಂದೇ ಜೋಡಿ. ಸ್ಫೂರ್ತಿಯ ನಾಲಿಗೆ ಹರಿತವಾಗಿತ್ತು. ಯಾರೋ ಹುಡುಗ "ಬಾಂಡ್ಲಿ" ಎಂದು ಕೂಗಿದರೆ, "ನನ್ ತಲೆ ಮೇಲೆ ಖಾಲಿ ಕಣೋ, ಬೆಳೀತದೆ. ನಿಂದು ಒಳಗೆ ಖಾಲಿ, ಏನ್ ಮಾಡ್ತೀಯ?" ಎಂದಳು. ಆ ಹುಡುಗನೇ ಒಂದು ವಾರದ ಮೇಲೆ ಅವಳ ಲೆಕ್ಕದ ಪುಸ್ತಕ ನೋಡಿ ಹೋಮ್‌ವರ್ಕ್ ಬರೆಯತೊಡಗಿದ.

ಶಾಲೆ ಮಾಡಿದ್ದು ಕಡಿಮೆಯೇನಲ್ಲ. ನಾಲ್ಕನೇ ತರಗತಿ ಎರಡನೇ ಮಹಡಿಯಲ್ಲಿತ್ತು. ಸ್ಫೂರ್ತಿಗೆ ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ಮೂರು ವಾರ ಬಸಮ್ಮ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ಹತ್ತಿದರು. ಆಮೇಲೆ ಪ್ರಭಾ, ಟೀಚರುಗಳ ಗೊಣಗಾಟದ ನಡುವೆಯೇ, ಇಡೀ ತರಗತಿಯನ್ನು ನೆಲಮಹಡಿಗೆ ತಂದು ಯುಕೆಜಿಯನ್ನು ಮೇಲೆ ಕಳಿಸಿದರು. ವಾರಕ್ಕೊಮ್ಮೆ ಗುರುವಾರ ಜಾಸ್ತಿ ಮಾತ್ರೆ ನುಂಗಬೇಕಾಗಿತ್ತು. ಶುಕ್ರವಾರ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಅವಳಿಗೊಂದು ಚಾಪೆ ಇತ್ತು, ಪಕ್ಕದಲ್ಲಿ ಬಕೆಟ್. ಕುಡಿಯುವ ನೀರನ್ನು ಬಸಮ್ಮ ದಿನಾ ಕುದಿಸಿ ಆರಿಸಿ ಸ್ಟೀಲ್ ಬಾಟಲಿಗೆ ತುಂಬಿಡುತ್ತಿದ್ದರು. ಅವಳ ತರಗತಿಗೆ ಹೋಗುವ ಮಕ್ಕಳನ್ನಂತೂ ಬಾಗಿಲಲ್ಲಿ ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡುತ್ತಿದ್ದರು. ಒಮ್ಮೆ ಇಂಗ್ಲಿಷ್ ಮಿಸ್ ಸೀನಿದ್ದಕ್ಕೆ ಅವರನ್ನೂ ಹೊರಗೆ ನಿಲ್ಲಿಸಿದರು. ಮಿಸ್ ನಗುತ್ತಾ ಹೋದರು, ಆದರೆ ಹೋದರು.

ಆಸ್ಪತ್ರೆ ಶಾಲೆಗೆ ಒಂದು ಪತ್ರ ಕೊಟ್ಟಿತ್ತು. ಇಂಗ್ಲಿಷಿನಲ್ಲಿ, ಎರಡು ಪುಟ. ಜೂನ್ ತಿಂಗಳ ಒಂದು ಸಂಜೆ ಪ್ರಭಾ ಎಲ್ಲ ಸಿಬ್ಬಂದಿಯನ್ನು ಕೂರಿಸಿ ಅದನ್ನು ಕನ್ನಡದಲ್ಲಿ ಹೇಳಿದರು. ಜ್ವರ ನೂರು ದಾಟಿದರೆ ಕೂಡಲೇ ತಾಯಿಗೆ ಫೋನ್ ಮಾಡಬೇಕು. ಹೊರಗಿನ ತಿಂಡಿ ಕೊಡಬಾರದು. ಬಿದ್ದು ರಕ್ತ ಬಂದರೆ ಒತ್ತಿ ಹಿಡಿಯಬೇಕು. ನಾಲ್ಕನೆಯ ಅಂಶಕ್ಕೆ ಬಂದಾಗ ಅವರ ದನಿ ತಗ್ಗಿತು. ಪತ್ರದಲ್ಲಿ ಚಿಕನ್‌ಪಾಕ್ಸ್ ಎಂದು ಬರೆದಿತ್ತು. ಆ ಹೆಸರನ್ನು ಜೋರಾಗಿ ಹೇಳಿ ಅವರಿಗೂ ಅಭ್ಯಾಸವಿಲ್ಲ. "ಮೈಮೇಲೆ ಗುಳ್ಳೆ ಎದ್ದಿರೋ ಮಕ್ಕಳನ್ನ ಸೇರಿಸ್ಬೇಡಿ. ನನಗೆ ಹೇಳಿ" ಎಂದಷ್ಟೇ ಹೇಳಿದರು. ಅದರ ಕೆಳಗಿನ ಮೂರು ಸಾಲು ಸಣ್ಣ ಅಕ್ಷರದಲ್ಲಿದ್ದವು. ಅಷ್ಟರಲ್ಲಿ ವ್ಯಾನ್ ಹೊರಡುವ ಹೊತ್ತಾಗಿ ಎಲ್ಲರೂ ಎದ್ದರು. ಪತ್ರ ಬೀರುವಿನೊಳಗೆ ಹೋಯಿತು.

2024ರ ಫೆಬ್ರುವರಿ ನಾಲ್ಕು, ಭಾನುವಾರ. ಸಮೀಕ್ಷಾಳಿಗೆ ಸ್ನಾನ ಮಾಡಿಸುವಾಗ ಬಸಮ್ಮ ಅವಳ ಹೊಟ್ಟೆಯ ಮೇಲೆ ಮೂರು ಗುಳ್ಳೆ ಕಂಡರು. ಒಳಗೆ ನೀರು ತುಂಬಿತ್ತು. ಸಂಜೆಗೆ ಬೆನ್ನಿನ ಮೇಲೂ ಎದ್ದವು.

ಬಸಮ್ಮನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಮನೆಗೆ ಅಮ್ಮ ಬಂದರೆ ನಡೆದುಕೊಳ್ಳುವ ರೀತಿ ಅವರಿಗೆ ಹುಟ್ಟಿನಿಂದ ಗೊತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಒಗ್ಗರಣೆ ಹಾಕಬಾರದು, ತಲೆ ಬಾಚಬಾರದು, ಸೂಜಿ ಮಾತ್ರೆ ಕೂಡದು. ನೆಂಟರ ಮನೆಗೆ ಹೋಗುವಂತಿಲ್ಲ, ಬಂದವರನ್ನು ಒಳಗೆ ಕರೆಯುವಂತಿಲ್ಲ. ಮಂಗಳವಾರ ಶುಕ್ರವಾರ ನೋಡಿ ಬೇವು ಅರಿಸಿನದ ನೀರನ್ನು ಮಗುವಿನ ತಲೆಗೆ ಮೂರು ಸಲ ಹಾಕಬೇಕು. ಮೂರನೇ ನೀರು ಆಗುವವರೆಗೆ ಬಂದದ್ದರ ಹೆಸರೆತ್ತಬಾರದು. ಎತ್ತಿದರೆ ತಾಯಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಮಗುವಿನ ಕಣ್ಣಿಗೆ ಇಳಿಯುತ್ತದೆ. ಬಸಮ್ಮನ ತಂಗಿಯೊಬ್ಬಳಿಗೆ ಹಾಗೆಯೇ ಕಣ್ಣು ಹೋಗಿತ್ತು. ಅವರ ಅವ್ವ ಸಾಯುವವರೆಗೂ, ಆ ದಿನ ತಾನು ಪಕ್ಕದ ಮನೆಯವಳ ಹತ್ತಿರ ಬಾಯಿ ಬಿಟ್ಟಿದ್ದೇ ಕಾರಣ ಎಂದು ನಂಬಿದ್ದರು.

ಸೋಮವಾರ ಬೆಳಿಗ್ಗೆ ಬಸಮ್ಮ ಪ್ರಭಾ ಅವರಿಗೆ ಫೋನ್ ಮಾಡಿದರು.

"ಮೇಡಂ, ಸಮೀಕ್ಷಾಗೆ ಹುಷಾರಿಲ್ಲ. ನಾನೂ ಬರಲ್ಲ, ಅವ್ಳೂ ಬರಲ್ಲ. ಹತ್ತು ಹನ್ನೆರಡು ದಿನ ಆಗ್ಬೋದು."

"ಅಷ್ಟು ದಿನ? ಏನಾಗಿದೆ ಬಸಮ್ಮ?"

ಬಸಮ್ಮ ಮಾತಾಡಲಿಲ್ಲ.

"ಓ... ಸರಿ ಸರಿ. ಬೇಡ, ಹೇಳ್ಬೇಡಿ. ಮನೇಲೇ ಇರಿ, ಒಳ್ಳೇದಾಯ್ತು."

ಫೋನ್ ಇಟ್ಟ ಮೇಲೆ ಮಗಳು ಕೇಳಿದಳು: "ಅಮ್ಮ, ಸ್ಫೂರ್ತಿ ಮನೆಗೆ ಒಂದ್ ಮಾತು ಹೇಳೋಣ್ವಾ? ಇವಳು ಅವಳ ಪಕ್ಕಾನೇ ಕೂರೋದು."

"ಬಾಯ್ಮುಚ್ಚೆ. ಇವತ್ತಿಂದ ಕೂರಲ್ವಲ್ಲ. ಮೂರ್ನೇ ನೀರಾಗ್ಲಿ, ನಾನೇ ಹೋಗಿ ಹೇಳ್ತೀನಿ."

ಬಸಮ್ಮನ ಲೆಕ್ಕ ಸರಳವಾಗಿತ್ತು. ಗುಳ್ಳೆ ಇರುವ ಮಗುವನ್ನು ಸ್ಫೂರ್ತಿಯ ಹತ್ತಿರ ಬಿಡಬಾರದು; ಬಿಡಲಿಲ್ಲ. ತಾನೂ ಹೋಗಬಾರದು, ಹೋಗಲಿಲ್ಲ. ಹನ್ನೆರಡು ದಿನ ಹೊಸ್ತಿಲು ದಾಟಿದ್ದು ನಲ್ಲಿ ನೀರಿಗೆ ಮಾತ್ರ, ಅದೂ ಬೀದಿಯಲ್ಲಿ ಯಾರೂ ಇಲ್ಲದಾಗ. ಪ್ರತಿ ನೀರು ಹಾಕುವಾಗ ಕೈ ಮುಗಿದು, "ಆ ಮಗಿನ ತಂಟೆಗೆ ಹೋಗ್ಬ್ಯಾಡ ತಾಯಿ, ಅದು ಮೊದ್ಲೇ ನೊಂದೈತೆ" ಎಂದು ಕೇಳಿಕೊಂಡರು.

ಮೂರನೇ ನೀರು ಆದದ್ದು ಹದಿನಾರನೇ ತಾರೀಕು ಶುಕ್ರವಾರ. ಸಮೀಕ್ಷಾಳ ಗುಳ್ಳೆಗಳು ಒಣಗಿ ಉದುರಿದ್ದವು. ಕಣ್ಣು ಚೆನ್ನಾಗಿತ್ತು. ಬಸಮ್ಮ ಮೊಸರನ್ನ ಕಲಸಿ ಬೇವಿನ ಮರದ ಕೆಳಗೆ ಎಡೆ ಇಟ್ಟರು. ಸ್ಫೂರ್ತಿಯ ಮನೆಗೆ ಭಾನುವಾರ ಹೋದರಾಯಿತು ಎಂದುಕೊಂಡರು. ಭಾನುವಾರ ಹೋದಾಗ ಮನೆಗೆ ಬೀಗ ಹಾಕಿತ್ತು.

ಶನಿವಾರ ಮಧ್ಯಾಹ್ನ ಸ್ಫೂರ್ತಿಗೆ ಹೊಟ್ಟೆನೋವು ಶುರುವಾಗಿತ್ತು. ಮಾತ್ರೆಯ ತೊಳಸಾಟವಿರಬೇಕೆಂದು ಶಾಂಭವಿ ಸಂಜೆಯವರೆಗೆ ಕಾದರು. ಮಗು ಮಡಚಿಕೊಂಡು ಚೀರತೊಡಗಿದಾಗ ಶ್ರೀಕಾಂತ್ ಟ್ರಿಪ್ ಅರ್ಧಕ್ಕೆ ಬಿಟ್ಟು ಬಂದು ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮೈಮೇಲೆ ಒಂದೂ ಗುಳ್ಳೆ ಇರಲಿಲ್ಲ. ಕರುಳು, ಮೇದೋಜೀರಕ ಗ್ರಂಥಿ ಎಂದು ಒಂದೊಂದೇ ಪರೀಕ್ಷೆ ನಡೆದವು. ಗುಳ್ಳೆ ಕಂಡದ್ದು ಸೋಮವಾರ ರಾತ್ರಿ. ಅಷ್ಟು ಹೊತ್ತಿಗೆ ಸೋಂಕು ಪಿತ್ತಜನಕಾಂಗಕ್ಕೂ ಶ್ವಾಸಕೋಶಕ್ಕೂ ಹೋಗಿತ್ತು. ಔಷಧಿ ಕೊಟ್ಟರು, ಉಸಿರಾಟದ ಯಂತ್ರ ಹಾಕಿದರು. ಇಪ್ಪತ್ತೈದನೇ ತಾರೀಕು ಭಾನುವಾರ ಬೆಳಿಗ್ಗೆ ಸ್ಫೂರ್ತಿ ತೀರಿಕೊಂಡಳು. ಒಂಬತ್ತು ವರ್ಷ ಐದು ತಿಂಗಳು. ಅವಳನ್ನು ಕೊಂದದ್ದು ಕ್ಯಾನ್ಸರ್ ಅಲ್ಲ.

ಸೋಮವಾರ ಶಾಲೆಗೆ ರಜೆ ಕೊಟ್ಟರು. ಮಂಗಳವಾರ ಪ್ರಭಾ ಬೀರು ತೆಗೆದು ಪತ್ರ ಹುಡುಕಿದರು. ಆಸ್ಪತ್ರೆಯಿಂದ ಫೋನ್ ಬಂದಿತ್ತು. ಶಾಲೆಯಲ್ಲಿ ಯಾರಿಗೆ, ಯಾವಾಗ ಆಗಿತ್ತು ಎಂದು ವಿಚಾರಿಸಿದ್ದರು. ಪ್ರಭಾ ಬಸಮ್ಮನನ್ನು ಕರೆಸಿ, ಬಾಗಿಲು ಹಾಕಿ, ಗೋಡೆಯ ಕ್ಯಾಲೆಂಡರ್ ಮುಂದೆ ನಿಂತರು.

"ಸಮೀಕ್ಷಾಗೆ ಯಾವತ್ತು ಎದ್ದಿದ್ದು?"

"ಭಾನುವಾರ ಮೇಡಂ. ನಾಕನೇ ತಾರೀಕು."

"ಶುಕ್ರವಾರ, ಶನಿವಾರ ಶಾಲೆಗೆ ಬಂದಿದ್ದಳಲ್ಲ."

"ಬಂದಿದ್ಳು. ಆವತ್ತು ಏನೂ ಇರ್ಲಿಲ್ಲ. ಹಣೆ ತಣ್ಣಗಿತ್ತು, ನಾನೇ ಮುಟ್ಟಿ ನೋಡಿದ್ದೆ."

ಪ್ರಭಾ ಸಣ್ಣ ಅಕ್ಷರದ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳಿದರು. ಗುಳ್ಳೆ ಕಾಣುವ ಎರಡು ದಿನ ಮೊದಲಿನಿಂದಲೇ ಅದು ಹರಡುತ್ತದೆ. ಅಂಥ ಮಗುವಿನ ಜೊತೆ ಕೂತದ್ದು ಗೊತ್ತಾದರೆ ನಾಲ್ಕು ದಿನದೊಳಗೆ ಆಸ್ಪತ್ರೆಗೆ ತಿಳಿಸಬೇಕು. ಕಾಯಿಲೆ ಬಲಿಯದಂತೆ ತಡೆಯುವ ಇಂಜೆಕ್ಷನ್ ಇದೆ.

ಬಸಮ್ಮ ಕ್ಯಾಲೆಂಡರ್ ಮೇಲೆ ತಾವೇ ಬೆರಳಿಟ್ಟು ಎಣಿಸಿದರು. ಶುಕ್ರವಾರದಿಂದ ನಾಲ್ಕು ದಿನ. ಮಂಗಳವಾರ. ಸೋಮವಾರ ಬೆಳಿಗ್ಗೆಯೇ ಅವರು ಫೋನ್ ಮಾಡಿದ್ದರು.

"ನೀವು ಹೇಳಿದ್ರಿ, ಗುಳ್ಳೆ ಎದ್ದೋರ್ನ ಸೇರಿಸ್ಬೇಡಿ ಅಂತ. ನಾನು ಸೇರಿಸ್ಲಿಲ್ಲ. ಸೂಜಿ ಐತೆ ಅಂತ ಯಾರು ಹೇಳಿದ್ರು ಮೇಡಂ?"

"ಯಾರೂ ಹೇಳ್ಲಿಲ್ಲ" ಎಂದರು ಪ್ರಭಾ. "ನಾನು ಹೇಳ್ಬೇಕಾಗಿತ್ತು. ಆವತ್ತು ನೀವು ಫೋನಲ್ಲಿ ಸುಮ್ಮನಾದಾಗ ನನಗೆ ಅರ್ಥ ಆಗಿತ್ತು. ಬೀರು ಇಲ್ಲೇ ಇತ್ತು. ತೆಗೀಲಿಲ್ಲ."

ಆಸ್ಪತ್ರೆಗೆ ಕಳಿಸಿದ ವರದಿಯಲ್ಲಿ ಪ್ರಭಾ ಎರಡನ್ನೂ ಬರೆದರು, ತಾವು ಊಹಿಸಿದ್ದನ್ನೂ ಸುಮ್ಮನಿದ್ದದ್ದನ್ನೂ. ವಾರದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಬಂದು ಪ್ರತಿ ತರಗತಿಯಲ್ಲಿ ಈ ಕಾಯಿಲೆಯ ಬಗ್ಗೆ ಮಾತಾಡಿ ಹೋದರು.

ಬಸಮ್ಮ ಶಾಂಭವಿಯ ಮನೆಗೆ ಹೋದದ್ದು ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಶಾಂಭವಿ ನೆಲದ ಮೇಲೆ ಕೂತಿದ್ದರು. ಬಸಮ್ಮ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಬರುವಾಗ ದಾರಿಯಲ್ಲಿ ಕೂಡಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಭಾನುವಾರ ಎದ್ದದ್ದು. ಸೋಮವಾರ ಮಗಳು ಹೇಳೋಣ ಅಂದದ್ದು. ತಾನು ಬಾಯ್ಮುಚ್ಚು ಅಂದದ್ದು.

"ನನ್ ಮೊಮ್ಮಗಳ ಕಣ್ಣು ನೋಡ್ಕೊಂಡೆ ಕಣಮ್ಮ. ನಿನ್ ಮಗಳ ಜೀವ ಹೋಯ್ತು. ಏನ್ ಮಾಡ್ತೀಯೋ ಮಾಡು. ಬೈಯಿ, ಹೊಡಿ."

ಶಾಂಭವಿ ಅವರ ಕಾಲಿನ ಕಡೆ ನೋಡುತ್ತಾ ಹೇಳಿದರು.

"ಆ ಸೋಮವಾರ ಸಂಜೆ ನಾನು ನಿಮ್ಮನೆಗೆ ಬಂದಿದ್ದೆ ಬಸಮ್ಮಕ್ಕ."

"ಯಾವ ಸೋಮವಾರ?"

"ಸಮೀಕ್ಷಾ ಶಾಲೆಗೆ ಬಂದಿಲ್ಲ ಅಂತ ಸ್ಫೂರ್ತಿ ಒಂದೇ ಸಮ ಹೇಳ್ತಿದ್ಳು, ವಿಚಾರ್ಸ್ಕೊಂಡು ಬಾ ಅಂತ. ಬಂದೆ. ಬಾಗಿಲಲ್ಲಿ ಬೇವಿನ ಸೊಪ್ಪು ನೋಡ್ದೆ. ಹೊರಗೇ ನಿಂತು ಕೈ ಮುಗ್ದು ವಾಪಸ್ ಬಂದೆ. ಇವಳಿಗೆ ಸಮೀಕ್ಷಾ ಊರಿಗೆ ಹೋಗಿದಾಳೆ ಅಂದೆ."

ಬಸಮ್ಮ ಅವರ ಎದುರು ನೆಲದ ಮೇಲೆ ಕೂತರು.

"ಹತ್ತಿರ ಯಾರಿಗಾದ್ರೂ ಇಂಥದ್ದು ಆದ್ರೆ ಕೂಡ್ಲೇ ತಿಳಿಸಿ ಅಂತ ನನಗೆ ಆಸ್ಪತ್ರೇಲಿ ಹೇಳಿದ್ರು. ಎರಡೆರಡು ಸಲ ಹೇಳಿದ್ರು. ನಾನು ಅಂದ್ಕೊಂಡೆ, ಅವಳು ಮನೇಲಿದಾಳೆ, ಇವಳು ಶಾಲೇಲಿದಾಳೆ, ದೂರ ಆಯ್ತಲ್ಲ ಅಂತ. ಅಡ್ಮಿಟ್ ಮಾಡಿದ ದಿನ ಡಾಕ್ಟ್ರು ಕೇಳಿದ್ರು, ಮೂರು ವಾರದಲ್ಲಿ ಹತ್ತಿರದೋರು ಯಾರಿಗಾದ್ರೂ ಆಗಿತ್ತಾ ಅಂತ. ಇಲ್ಲ ಅಂದೆ."

"ಯಾಕೆ?"

"ಬಾಯಿಗೆ ಬರ್ಲಿಲ್ಲ ಅಕ್ಕ. ನಿಮ್ಮನೇಲಿ ನೀರಾಗಿದೆಯೋ ಇಲ್ವೋ ಅಂತ ಯೋಚ್ನೆ ಮಾಡ್ತಿದ್ದೆ. ಸಮೀಕ್ಷಾಗೆ ಏನಾದ್ರೂ ಆದ್ರೆ ಅಂತ." ಶಾಂಭವಿಯ ದನಿ ಏರಲಿಲ್ಲ. "ಎರಡು ದಿನ ಹೊಟ್ಟೆ ಸ್ಕ್ಯಾನ್ ಮಾಡಿದ್ರು."

ಇಬ್ಬರೂ ಅಳಲಿಲ್ಲ. ಹೊರಗೆ ಹಾಲಿನವನು ಬಂದು ಕೂಗಿದ, ಯಾರೂ ಹೋಗಲಿಲ್ಲ. ಬಸಮ್ಮ ಹೊರಡಲು ಎದ್ದಾಗ ಶಾಂಭವಿ ಒಂದೇ ಒಂದು ಮಾತು ಕೇಳಿದರು.

"ಸಮೀಕ್ಷಾಗೆ ಹೇಳ್ಬೇಡಿ. ಅವಳಿಂದ ಬಂತು ಅಂತ ಅವಳಿಗೆ ಯಾವತ್ತೂ ಗೊತ್ತಾಗೋದು ಬೇಡ."

ಬಸಮ್ಮ ಆಗಲಿ ಎಂದು ಮಾತು ಕೊಟ್ಟು ಬಂದರು.

ಮನೆಯಲ್ಲಿ ಸಮೀಕ್ಷಾ ನೆಲದ ಮೇಲೆ ಕೂತು ಕಾಪಿ ಬರೆಯುತ್ತಿದ್ದಳು. ಮಗಳು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಬಸಮ್ಮ ಅಕ್ಕಿ ತೊಳೆಯಲು ಕೂತರು. ಹುಡುಗಿ ಪೆನ್ಸಿಲ್ ನಿಲ್ಲಿಸಿ, ತಲೆ ಎತ್ತದೆ ಹೇಳಿದಳು: "ನರ್ಸ್ ಆಂಟಿ ಹೇಳಿದ್ರು, ಗುಳ್ಳೆ ಬರೋಕೆ ಎರಡು ದಿನ ಮುಂಚೆನೇ ಅಂಟತ್ತಂತೆ."

ಬಸಮ್ಮ ಅಕ್ಕಿಯ ನೀರು ಬಗ್ಗಿಸಿದರು.

"ಶನಿವಾರ ನಾನು ಅವಳ ಕಿವೀಲಿ ಗುಟ್ಟು ಹೇಳಿದ್ದೆ. ಅವಳು ಮಾಸ್ಕ್ ತೆಗ್ದು ನಗಾಡಿದ್ಳು. ನನ್ನಿಂದಾನಾ ಅಜ್ಜಿ?"

"ಅಂಗೆಲ್ಲ ಇಲ್ಲ. ಬರಿ ನೀನು."

ಸಮೀಕ್ಷಾ ಬರೆಯಲಿಲ್ಲ. "ಅಮ್ಮನೂ ಹೇಳಲ್ಲ, ಮಿಸ್ಸೂ ಹೇಳಲ್ಲ. ನೀನೂ ಹೇಳಲ್ಲ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಹೊರಗೆ ಕತ್ತಲಾಗುತ್ತಿದೆ ಎಂದು ಹೇಳುವ ಹಾಗೆ ಹೇಳಿದಳು.

ಬಸಮ್ಮ ಪಾತ್ರೆ ಕೆಳಗಿಟ್ಟರು. ಕೊಟ್ಟ ಮಾತಿಗೆ ಅರ್ಧ ಗಂಟೆಯೂ ಆಗಿರಲಿಲ್ಲ.

"ಹೂಂ. ನಿನಗೆ ಬಂದಿದ್ದು ಚಿಕನ್‌ಪಾಕ್ಸ್. ಅದು ಅವಳಿಗೆ ಅಂಟ್ತು. ನಿನಗೆ ಗೊತ್ತಿರ್ಲಿಲ್ಲ, ನಿನ್ ತಪ್ಪಿಲ್ಲ. ಗೊತ್ತಿದ್ದೋಳು ನಾನು. ಮಾರನೇ ದಿನಾನೇ ಹೇಳಿದ್ರೆ ಅವಳಿಗೊಂದು ಸೂಜಿ ಹಾಕ್ತಿದ್ರು. ನಾನು ಹೇಳ್ಲಿಲ್ಲ."

"ಹಾಕಿದ್ರೆ ಬದುಕ್ತಿದ್ಳಾ?"

"ಬದುಕ್ತಿದ್ಳು ಅಂತಾನೇ ಕಾಣ್ತದೆ."

"ಯಾಕೆ ಹೇಳ್ಲಿಲ್ಲ?"

"ನಿನ್ ಕಣ್ಣು ಹೋಗ್ತದೆ ಅಂತ ಹೆದ್ರಿದ್ದೆ."

ಹುಡುಗಿ ಪುಸ್ತಕ ಮುಚ್ಚಿ, ಬ್ಯಾಗಿಗೆ ಹಾಕಿ, ಹೊರಗೆ ಹೋಗಿ ಅಮ್ಮ ಬರುವವರೆಗೆ ಮೆಟ್ಟಿಲ ಮೇಲೆ ಕೂತಳು. ಊಟಕ್ಕೆ ಕರೆದಾಗ ಬಂದಳು. ಬಡಿಸಿದ್ದನ್ನು ಉಂಡಳು.

ಎರಡು ವರ್ಷದಿಂದ ಅಜ್ಜಿ ಮೊಮ್ಮಗಳು ಒಟ್ಟಿಗೇ ಶಾಲೆಗೆ ನಡೆದು ಹೋಗುತ್ತಿದ್ದರು. ಮಾರನೇ ದಿನ ಬೆಳಿಗ್ಗೆ ಬಸಮ್ಮ ಬೀಗ ಹಾಕಿ ತಿರುಗುವಷ್ಟರಲ್ಲಿ ಸಮೀಕ್ಷಾ ಬೀದಿಯ ತಿರುವಿನಲ್ಲಿದ್ದಳು. ಬಸಮ್ಮ ಕೂಗಲಿಲ್ಲ. ಬೇಗ ನಡೆದು ಹಿಡಿಯಲೂ ಇಲ್ಲ. ಈಗ ಹುಡುಗಿ ಐದನೇ ತರಗತಿ. ದಿನಾ ಐದು ನಿಮಿಷ ಮುಂಚೆ ಒಬ್ಬಳೇ ಹೊರಡುತ್ತಾಳೆ. ಬಸಮ್ಮ ಐವತ್ತು ಹೆಜ್ಜೆ ಹಿಂದೆ ಬರುತ್ತಾರೆ.